ಮರದ ಹಿಡಿಯ ಬಂದೂಕು

ಫೆಬ್ರವರಿ ೯

ಅಪ್ಪಾ,

ಇಷ್ಟು ದಿನದ ಮೇಲೆ ಬರೆಯುತ್ತಿದ್ದೇನೆ, ಅದೂ ಒಂದು ಕೆಲಸಕ್ಕಾಗಿ. ಬೇಸರ ಮಾಡಿಕೊಳ್ಳಬೇಡ. ನಮ್ಮ ಮನೆಯವರು ಕೇಳಿ ಬರೆ ಎಂದರು.

ಅವರು ಉಸ್ತುವಾರಿ ನೋಡಿಕೊಳ್ಳುವ ಶೈತ್ಯಾಗಾರ ಊರ ಹೊರಗಿದೆಯಲ್ಲ, ಅಲ್ಲಿಗೆ ಹೋದ ತಿಂಗಳು ಕಳ್ಳರು ಬೀಗ ಒಡೆದು ನುಗ್ಗಿದರು. ಕಾವಲಿನವನ ತಲೆಗೆ ಪೆಟ್ಟಾಯಿತು. ಅಂದಿನಿಂದ ಬಂದೂಕು ಬೇಕೆಂದು ಅವರ ಹಟ. ಪರವಾನಗಿಯೂ ಕೈಗೆ ಬಂದಿದೆ. ನಮ್ಮ ಕೈಗೆಟುಕುವ ಬೆಲೆಯ ಪಂಪ್ ಆ್ಯಕ್ಷನ್ ಬಂದೂಕುಗಳು ಇಲ್ಲಿಯ ಅಂಗಡಿಯಲ್ಲಿ ಎರಡೇ ಇವೆಯಂತೆ. ಒಂದಕ್ಕೆ ಕಪ್ಪು ಪ್ಲಾಸ್ಟಿಕ್ ಹಿಡಿ, ನೋಡಲು ಜೋರಾಗಿದೆ. ಇನ್ನೊಂದಕ್ಕೆ ಮರದ ಹಿಡಿ, ಪಾಲಿಶ್ ಕೂಡ ನೆಟ್ಟಗಿಲ್ಲ. "ನಿಮ್ಮಪ್ಪ ಜೀವಮಾನವೆಲ್ಲ ಬಂದೂಕು ರಿಪೇರಿ ಮಾಡಿದವರು, ಯಾವುದು ಗಟ್ಟಿ ಅಂತ ಅವರನ್ನೇ ಕೇಳು" ಎಂದರು.

ನನ್ನದು ಅದೇ ಕೆಲಸ. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು. ಸಂಜೆ ಮನೆಗೆ ಹೋದರೂ ಕಿವಿಯಲ್ಲಿ ಮಿಷನ್ ತಿರುಗುತ್ತಿರುತ್ತದೆ. ನಿನ್ನ ಕಣ್ಣಿನ ಪೊರೆ ಹೇಗಿದೆ? ಆಪರೇಷನ್ನನ್ನು ಇನ್ನೂ ಮುಂದೂಡುತ್ತಲೇ ಇದ್ದೀಯಾ?

ನಿನ್ನ ಮಗಳು


ಫೆಬ್ರವರಿ ೧೬

ಚಿಮಟಾ,

ನಿನ್ನ ಅಕ್ಷರ ಕಂಡು ಲಕೋಟೆಯನ್ನು ಒಡೆಯದೆ ಸ್ವಲ್ಪ ಹೊತ್ತು ಬೆಂಚಿನ ಮೇಲಿಟ್ಟುಕೊಂಡಿದ್ದೆ. ಕೆಲಸಕ್ಕಾಗಿ ಬರೆದರೇನು, ಬರೆದೆಯಲ್ಲ. ಈಗಲೂ ಒಂದು ಸ್ಪ್ರಿಂಗ್ ಕೈಜಾರಿ ನೆಲಕ್ಕೆ ಬಿದ್ದರೆ ನಿನ್ನ ಪುಟ್ಟ ಬೆರಳುಗಳನ್ನು ನೆನೆಯುತ್ತೇನೆ. ನಾನು ಬಗ್ಗಿ ಹುಡುಕುವಷ್ಟರಲ್ಲಿ ಹೆಕ್ಕಿಕೊಡುತ್ತಿದ್ದೆ. ಆ ಹೆಸರು ನಿನಗೆ ಬಂದದ್ದೇ ಹಾಗೆ.

ಆ ಎರಡೂ ಜಾತಿಯ ಬಂದೂಕುಗಳು ನನ್ನ ಅಂಗಡಿಗೂ ಬಂದಿವೆ, ಬಿಚ್ಚಿ ನೋಡಿದ್ದೇನೆ. ಅಳಿಯಂದಿರಿಗೆ ಇದನ್ನು ಓದಿ ಹೇಳು.

ಕಪ್ಪಿನದರ ಪ್ಲಾಸ್ಟಿಕ್ ಬಗ್ಗೆ ನನ್ನ ತಕರಾರಿಲ್ಲ. ಮಳೆ ಬಿಸಿಲಿಗೆ ಅದು ಮರಕ್ಕಿಂತ ಚೆನ್ನಾಗಿಯೇ ಬಾಳುತ್ತದೆ. ತಕರಾರಿರುವುದು ಒಳಗೆ. ಪಂಪ್ ಬಂದೂಕಿನ ಜೀವವೆಲ್ಲ ಮುಂದಿನ ಹಿಡಿಯಲ್ಲಿ. ಅದನ್ನು ಹಿಂದಕ್ಕೆ ಎಳೆದರೆ ಹಳೆಯ ತೋಟಾ ಹೊರಕ್ಕೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಕ್ಕೆ. ಆ ಹಿಡಿಯನ್ನು ಒಳಗಿನ ಯಂತ್ರಕ್ಕೆ ಸೇರಿಸುವ ಉಕ್ಕಿನ ಕಂಬಿ ಕಪ್ಪಿನದರಲ್ಲಿ ಒಂದೇ ಇದೆ. ಗಡಿಬಿಡಿಯಲ್ಲಿ ಕೈ ಸ್ವಲ್ಪ ಓರೆಯಾದರೆ ಕಚ್ಚಿಕೊಂಡು ನಿಂತುಬಿಡುತ್ತದೆ. ಮರದ್ದರಲ್ಲಿ ಎರಡು ಕಂಬಿ, ಎರಡೂ ಪಕ್ಕದಿಂದ ಹಿಡಿದಿರುತ್ತವೆ. ಹೇಗೆ ಎಳೆದರೂ ನೇರ ಬರುತ್ತದೆ. ಕಪ್ಪಿನದರ ಟ್ರಿಗರ್ ಭಾಗ ಅಗ್ಗದ ಎರಕ, ಪಿನ್ನುಗಳು ಬೇಗ ಸಡಿಲವಾಗುತ್ತವೆ. ತೋಟಾ ಇಲ್ಲದೆ ಒಮ್ಮೆ ಬೆಂಚಿನಿಂದ ಕೆಳಕ್ಕೆ ಬೀಳಿಸಿದೆ. ಯಾರೂ ಮುಟ್ಟದೆ ಒಳಗೆ ತೋಟಾಕ್ಕೆ ಬಡಿಯುವ ಸುತ್ತಿಗೆ ಬಿತ್ತು. ಅಂಥದ್ದನ್ನು ಮನುಷ್ಯರಿರುವ ಕಡೆ ಇಡಬಾರದು. ಮರದ್ದನ್ನೂ ಬೀಳಿಸಿದೆ, ಕದಲಲಿಲ್ಲ. ಟ್ರಿಗರ್ ಒತ್ತಿದ ಹೊರತು ಅದು ಹಾರುವುದಿಲ್ಲ.

ಮರದ್ದಕ್ಕೂ ಕುಂದಿದೆ. ತೋಟಾ ಕೂರುವ ಜಾಗ ಒರಟು, ಉಜ್ಜಿಸಿಕೊಳ್ಳಬೇಕು. ಮರವನ್ನು ಸರಿಯಾಗಿ ಒಣಗಿಸಿಲ್ಲ. ಮುಖ ತೊಳೆಯದೆ ಕೆಲಸಕ್ಕೆ ಬಂದ ಒಳ್ಳೆಯ ಆಳಿನ ಹಾಗೆ ಅದು. ನಂಬಬಹುದು. ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಕಪ್ಪನ್ನು ಎಳೆದರೆ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಸದ್ದು. ಮರದ್ದು ಎರಡೇ ಏಟು, ಶುದ್ಧವಾಗಿ. ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಂಡು ಎಳೆದು ನೋಡಲಿ.

ಕಣ್ಣಿಗೆ ಏಪ್ರಿಲ್ ಕೊನೆಯಲ್ಲಿ ದಿನ ಕೊಟ್ಟಿದ್ದಾರೆ. ಮತ್ತೆ ಬರೆ. ಕೆಲಸವಿಲ್ಲದಿದ್ದರೂ ಬರೆ.

ಅಪ್ಪ


ಮಾರ್ಚ್ ೫

ಅಪ್ಪಾ,

ನಿನ್ನ ಪತ್ರವನ್ನು ಅವರಿಗೆ ಓದಿ ಹೇಳಿದೆ. ಎರಡನೆಯ ಸಲ ಅವರೇ ಇಸಿದುಕೊಂಡು ಓದಿದರು. ಮರದ್ದನ್ನೇ ತಂದರು. ನೀನು ಹೇಳಿದಂತೆ ಕಣ್ಣು ಮುಚ್ಚಿಕೊಂಡು ಎಳೆದು ನೋಡಿದರಂತೆ. ಸದ್ದು ಬಹಳ ಹಿಡಿಸಿದೆ. ಬಂದವರಿಗೆಲ್ಲ ಎಳೆದು ಕೇಳಿಸುತ್ತಾರೆ.

ಬಂದೂಕು ಮನೆಯಲ್ಲೇ ಇದೆ. ಶೈತ್ಯಾಗಾರದಲ್ಲಿ ಇಡಲು ಮಾಲೀಕರು ಒಪ್ಪಲಿಲ್ಲ. ನಳಿಗೆಯನ್ನು ಮೊಟಕು ಮಾಡಿಸಬಹುದೇ, ಮನೆಯೊಳಗೆ ಉದ್ದವಾಯಿತು ಎಂದು ಕೇಳಲು ಹೇಳಿದ್ದಾರೆ.

ಬೇರೆ ವಿಶೇಷವಿಲ್ಲ.

ನಿನ್ನ ಮಗಳು


ಮಾರ್ಚ್ ೧೩

ಚಿಮಟಾ,

ನಳಿಗೆಯ ಮಾತು ಬೇಡ. ಅದು ಕಾನೂನಿಗೆ ವಿರುದ್ಧ, ನಾನು ಯಾರಿಗೂ ಮಾಡಿಕೊಟ್ಟಿಲ್ಲ. ಅಳಿಯಂದಿರಿಗೆ ಹಾಗೆಂದೇ ಹೇಳು.

ಮನೆಯಲ್ಲಿ ಕಳ್ಳರ ಭಯವೇ? ಇಲ್ಲವಾದರೆ ತೋಟಾ ಒಂದು ಕಡೆ, ಬಂದೂಕು ಒಂದು ಕಡೆ ಬೀಗ ಹಾಕಿಡಬೇಕು. ಬಂದೂಕು ಇರುವ ಮನೆಗಳಲ್ಲೆಲ್ಲ ಹಾಗೆಯೇ.

ನಿನ್ನ ಪತ್ರ ಚಿಕ್ಕದಾಯಿತು. ಮೊದಲೆಲ್ಲ ಗಿರಾಕಿಗಳನ್ನು ಅಣಕಿಸಿ ಬರೆಯುತ್ತಿದ್ದೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಕನ್ನಡಕ ಕಳೆದುಹೋಗಿದೆ ಎಂದು ಬಂದವನ ಕಥೆಯನ್ನು ಇಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ. ಬಿಡುವಾದಾಗ ಅಂಥದ್ದೊಂದು ಬರೆ.

ಅಪ್ಪ


ಏಪ್ರಿಲ್ ೪

ಅಪ್ಪಾ,

ಈ ಪತ್ರವನ್ನು ಅಂಗಡಿಯಿಂದ ಬರೆಯುತ್ತಿದ್ದೇನೆ. ಉತ್ತರವನ್ನು ಇಲ್ಲಿಯ ವಿಳಾಸಕ್ಕೇ ಕಳಿಸು, ಮನೆಗೆ ಬೇಡ. ಮನೆಗೆ ಬಂದದ್ದನ್ನೆಲ್ಲ ಅವನೇ ಮೊದಲು ಓದುತ್ತಾನೆ.

ಅವನು ನನ್ನ ಮೇಲೆ ಕೈ ಮಾಡಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಏನೇನೋ ಊಹಿಸಿಕೊಳ್ಳುತ್ತೀಯ. ಮಾತಿಗೆ ಮಾತು ಬೆಳೆದರೆ ಎದ್ದು ಹೋಗಿ ಗೋಡೆಗೆ ಒರಗಿಸಿಟ್ಟ ಬಂದೂಕನ್ನು ತರುತ್ತಾನೆ. ನನ್ನೆದುರು ಕುರ್ಚಿ ಎಳೆದುಕೊಂಡು ಕೂತು, ಒಂದು ಸಲ ಎಳೆದು ತಳ್ಳುತ್ತಾನೆ. ಅಷ್ಟೇ. ನನ್ನ ಕಡೆ ಗುರಿಯನ್ನೂ ಇಡುವುದಿಲ್ಲ. "ಏನೋ ಹೇಳ್ತಾ ಇದ್ಯಲ್ಲ, ಈಗ ಹೇಳು" ಎನ್ನುತ್ತಾನೆ. ಒಳಗೆ ತೋಟಾ ಇರುತ್ತದೋ ಇಲ್ಲವೋ ನನಗೆ ತಿಳಿಯದು. ತಿಳಿಯಬಾರದೆಂಬುದೇ ಅವನಿಗೆ ಬೇಕಾದದ್ದು.

ಈಗ ಮಾತು ಬೆಳೆಯಬೇಕೆಂದೂ ಇಲ್ಲ. ಅಡುಗೆಗೆ ಉಪ್ಪು ಕಡಿಮೆಯಾದರೆ, ಅಂಗಡಿಯಿಂದ ಬರುವುದು ತಡವಾದರೆ, ಫೋನಿನಲ್ಲಿ ನಕ್ಕರೆ. ಮೊನ್ನೆ ಪಕ್ಕದ ಕೋಣೆಯಲ್ಲಿ ಸುಮ್ಮನೆ ಒಬ್ಬನೇ ಕೂತು ಎಳೆದ. ನಾನು ಒಲೆಯ ಮುಂದೆ ನಿಂತಿದ್ದೆ. ಕೈಯಲ್ಲಿದ್ದ ಪಾತ್ರೆ ಬಿತ್ತು. ಅವನು ನಗುವುದು ಕೇಳಿಸಿತು.

ಠಾಣೆಗೂ ಹೋಗಿದ್ದೆ. ಬರೆದುಕೊಳ್ಳುವವನು ಹೊಡೆದನಾ, ಗಾಯ ಇದೆಯಾ, ಗುರಿ ಇಟ್ಟನಾ ಎಂದು ಕೇಳಿದ. ಎಲ್ಲದಕ್ಕೂ ಇಲ್ಲ ಎಂದೆ. "ಪರವಾನಗಿ ಇದೆಯಲ್ಲಮ್ಮಾ, ಬಂದೂಕು ಇಟ್ಕೊಂಡವರು ಒರೆಸ್ತಾರೆ, ಎಳೀತಾರೆ. ಸದ್ದಿನ ಮೇಲೆ ಏನಂತ ದೂರು ಬರೀಲಿ?" ಎಂದ. ಒರಟಾಗಿ ಹೇಳಲಿಲ್ಲ. ನಾನು ಎದ್ದು ಬಂದೆ.

ನೀನು ಈಗಲೇ ಹೊರಟು ಬರಬೇಡ. ನಿನ್ನನ್ನು ಕಂಡರೆ ನಾನು ಹೇಳಿದ್ದೇನೆಂದು ಅವನಿಗೆ ಗೊತ್ತಾಗುತ್ತದೆ. ಯಾರಿಗಾದರೂ ಹೇಳಬೇಕಿತ್ತು, ಹೇಳಿದೆ.

ನಿನ್ನ ಮಗಳು


ಏಪ್ರಿಲ್ ೧೦

ನನ್ನ ಮಗಳೇ,

ನೀನು 'ಅವನು' ಎಂದು ಬರೆದ ಕಡೆಯೆಲ್ಲ ನನ್ನ ಬೆರಳು ನಿಂತಿತು.

ಆ ಮನೆ ಬಿಟ್ಟು ಬಾ. ಬಟ್ಟೆಬರೆ ಏನೂ ಬೇಡ. ಅಂಗಡಿಗೆಂದು ಹೊರಟವಳು ನೇರ ಬಸ್ ನಿಲ್ದಾಣಕ್ಕೆ ಹೋಗು. ಇಲ್ಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರಿಗೆ ಜಾಗವಿದೆ. ಬರಬೇಡ ಎಂದಿದ್ದೀಯ, ಆದರೂ ನಾನು ಬರುತ್ತೇನೆ. ಕಣ್ಣಿನ ದಿನ ಹತ್ತಿರವಿದೆ. ಈಗಿನ ಸ್ಥಿತಿಯಲ್ಲಿ ಎದುರಿನ ಬಸ್ಸಿನ ಬೋರ್ಡು ಓದಲೂ ನನಗೆ ಆಗುವುದಿಲ್ಲ. ಪಟ್ಟಿ ಬಿಚ್ಚಿದ ಕೂಡಲೇ ಹೊರಡುತ್ತೇನೆ. ಬಂದೂಕಿನ ತೋಟಾ ಕೂರುವ ಜಾಗ ಉಜ್ಜಿಕೊಡಲು ಬಂದೆ ಎಂದರೆ ಅವನು ಅನುಮಾನಪಡಲಾರ.

ಅಲ್ಲಿಯವರೆಗೆ ಎದುರುತ್ತರ ಕೊಡಬೇಡ. ಬಂದೂಕನ್ನು ಮುಟ್ಟಬೇಡ, ಪಕ್ಕಕ್ಕೆ ಸರಿಸಲಿಕ್ಕೂ ಮುಟ್ಟಬೇಡ. ಆಪರೇಷನ್ನಿಗೆ ಜೊತೆಗೆ ಯಾರೂ ಇಲ್ಲ, ಅಪ್ಪ ಕರೆದಿದ್ದಾರೆ ಎಂದು ಕೇಳಿ ನೋಡು. ಅಷ್ಟಕ್ಕೆ ಬೇಡವೆನ್ನುವುದು ಯಾರಿಗೂ ಕಷ್ಟ.

ಅಪ್ಪ


ಮೇ ೧೯

ಅಪ್ಪಾ,

ಇದನ್ನು ಇಲ್ಲಿಯ ಜೈಲಿನ ಮೇಲ್ವಿಚಾರಕಿ ಓದಿಯೇ ಅಂಚೆಗೆ ಹಾಕುತ್ತಾರೆ. ಬಚ್ಚಿಡುವಂಥದ್ದು ಏನೂ ಇಲ್ಲ.

ನೀನು ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಲ್ಲಿದ್ದೆ, ನಿನಗೆ ವಿಷಯ ಹೇಳಿದವರು ಬೇರೆಯವರು. ನನ್ನ ಬಾಯಿಂದಲೂ ಕೇಳು. ಬೆಳಿಗ್ಗೆ ತಿಂಡಿ ಬಡಿಸಿ, ಅಪ್ಪನ ಕಣ್ಣಿನ ಆಪರೇಷನ್ನು, ಹೋಗಿ ಬರುತ್ತೇನೆ ಎಂದು ಕೇಳಿದೆ. ಅವರು ಉತ್ತರ ಹೇಳದೆ ಎದ್ದು ಹೋಗಿ ಬಂದೂಕು ತಂದರು. ಎಳೆದರು, ತಳ್ಳಿದರು. ಅದನ್ನು ತಟ್ಟೆಯ ಪಕ್ಕ ಮೇಜಿನ ಮೇಲಿಟ್ಟು ತಿಂಡಿ ಮುಗಿಸಿದರು. ಆಮೇಲೆ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದರು. ನಾನು ಅದನ್ನು ಎತ್ತಿಕೊಂಡೆ. ಅವರ ಬೆನ್ನು ನನ್ನ ಕಡೆಗಿತ್ತು. ನಲ್ಲಿ ಹರಿಯುತ್ತಿತ್ತು. ಹೆದರಿಸಬೇಕೆಂದಿತ್ತೋ ಬೇರೇನು ಮನಸ್ಸಿನಲ್ಲಿತ್ತೋ ಈಗ ಎಷ್ಟು ತಡಕಿದರೂ ಸಿಗುವುದಿಲ್ಲ. ಒತ್ತಿದ್ದು ಮಾತ್ರ ನೆನಪಿದೆ. ಒಳಗೆ ತೋಟಾ ಇತ್ತು.

ನಲ್ಲಿಯನ್ನು ನಿಲ್ಲಿಸಿ ಪಕ್ಕದ ಮನೆಯವರನ್ನು ಕರೆದೆ. ಪೊಲೀಸರಿಗೂ ಇದನ್ನೇ ಹೇಳಿದೆ.

ನನ್ನ ಪರವಾಗಿ ಸರ್ಕಾರ ಕೊಟ್ಟಿರುವ ವಕೀಲೆ ನಿನ್ನನ್ನು ನೋಡಲು ಬರುತ್ತಾರೆ. ಒಳ್ಳೆಯ ಹೆಂಗಸು. ನಿನ್ನ ಕಣ್ಣಿಗೆ ಹೊತ್ತು ಹೊತ್ತಿಗೆ ಔಷಧಿ ಹಾಕುವವರು ಯಾರು?

ನಿನ್ನ ಮಗಳು


ಜೂನ್ ೨

ಚಿಮಟಾ,

ಔಷಧಿಯನ್ನು ನಾನೇ ಹಾಕಿಕೊಳ್ಳುತ್ತೇನೆ, ಅರ್ಧ ಕೆನ್ನೆಗೆ ಹೋಗುತ್ತದೆ. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ಬೇಕಾದ ಹೊತ್ತಿಗೆ ಕಾಣಲಿಲ್ಲ.

ವಕೀಲೆ ಬಂದಿದ್ದರು. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತೇನೆ, ಮೇಲ್ವಿಚಾರಕಿಯ ಕಣ್ಣಿಗೆ ಬೀಳುವುದು ಬೇಡ. ಫೆಬ್ರವರಿಯಲ್ಲಿ ನಾನು ಬರೆದ ಪತ್ರ ನಿಮ್ಮ ಮನೆಯಲ್ಲಿ ಪೊಲೀಸರ ಕೈಗೆ ಸಿಕ್ಕಿದೆಯಂತೆ. ಟ್ರಿಗರ್ ಒತ್ತಿದ ಹೊರತು ಹಾರುವುದಿಲ್ಲ ಎಂದು ಹೆಂಡತಿಯ ಅಪ್ಪನೇ ಬರೆದಿದ್ದಾನೆ ಎಂದು ತೋರಿಸಲು ಸರ್ಕಾರದ ಕಡೆಯವರು ನನ್ನನ್ನೇ ಸಾಕ್ಷಿಗೆ ಕರೆಯುತ್ತಾರೆ. ವಕೀಲೆ ಬಹಳ ಹೊತ್ತು ಕೂತಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಅದು ತಾನಾಗೇ ಹಾರೋ ಸಾಧ್ಯತೆ ಇದೆ ಅಂತ ನಿಮ್ಮಂಥವರು ಒಂದು ಮಾತು ಹೇಳಿದರೆ ಸಾಕು ಯಜಮಾನರೇ. ಅವಳು ಗಾಬರಿಯಲ್ಲಿ ಏನೇನೋ ಒಪ್ಪಿಕೊಂಡಳು ಅಂತ ನಾನು ವಾದ ಮಾಡ್ತೀನಿ" ಎಂದರು.

ಅಗ್ಗದ ಮಾಲಿನಲ್ಲಿ ಒಂದಿದ್ದ ಹಾಗೆ ಇನ್ನೊಂದು ಇರುವುದಿಲ್ಲ. ನಾನು ಬೀಳಿಸಿ ನೋಡಿದ್ದು ಬೇರೊಂದನ್ನು. ನಿಮ್ಮ ಮನೆಯದನ್ನು ನಾನು ಕಣ್ಣಿನಿಂದ ಕಂಡಿಲ್ಲ. ಪಿನ್ನು ಸವೆದಿರಬಹುದು. ದಿನಕ್ಕೆ ಅಷ್ಟು ಸಲ ಎಳೆದರೆ ಯಾವುದು ತಾನೇ ಸವೆಯುವುದಿಲ್ಲ. ಹೀಗೆಲ್ಲ ಯೋಚಿಸುತ್ತಾ ಕೂತಿದ್ದೇನೆ.

ಅಪ್ಪ


ಜೂನ್ ೧೧

ಅಪ್ಪಾ,

ಇದನ್ನೂ ವಕೀಲೆಯ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಏನು ಹೇಳಲು ಹೊರಟಿದ್ದೀಯ ಎಂದು ಅರ್ಥವಾಯಿತು. ಹೇಳಬೇಡ.

ಬಂದೂಕು ತಾನಾಗಿ ಹಾರಿತು ಎಂದರೆ ಮನೆಯಲ್ಲಿ ಏನೂ ನಡೆಯಲಿಲ್ಲ ಎಂದಾಗುತ್ತದೆ. ಒಳ್ಳೆಯ ಗಂಡ, ಒಳ್ಳೆಯ ಹೆಂಡತಿ, ಕೆಟ್ಟ ಬಂದೂಕು. ನಾನು ಮನೆಗೆ ಬರುತ್ತೇನೆ, ಎಲ್ಲರೂ ಪಾಪ ಎನ್ನುತ್ತಾರೆ, ಅವನ ಫೋಟೊಕ್ಕೆ ಹಾರ ಹಾಕುತ್ತೇನೆ. ಆ ಠಾಣೆಯವನು ಸದ್ದಿನ ಮೇಲೆ ದೂರು ಬರೆದುಕೊಳ್ಳಲಿಲ್ಲ. ಈಗ ಬರೆದುಕೊಳ್ಳುತ್ತಾರೆ. ನಾನೇ ಮಾಡಿದೆ ಎಂದರೆ ಯಾಕೆ ಮಾಡಿದೆ ಎಂದು ಕೇಳಲೇಬೇಕು. ಆಗ ಎಲ್ಲವನ್ನೂ ಹೇಳುತ್ತೇನೆ. ಅದಕ್ಕಾಗಿ ಒಳಗಿರಬೇಕಾದರೆ ಇರುತ್ತೇನೆ. ಬೆನ್ನಿಗೆ ಹೊಡೆದೆ, ಅಪ್ಪಾ. ಅದನ್ನು ಪಿನ್ನಿನ ತಲೆಗೆ ಕಟ್ಟಲು ನನ್ನಿಂದಾಗದು.

ಅವರು ಬಂದೂಕನ್ನು ನಿನ್ನ ಕೈಗೆ ಕೊಟ್ಟರೆ ಕಂಡದ್ದನ್ನು ಹೇಳು.

ನಿನ್ನ ಮಗಳು


ಸೆಪ್ಟೆಂಬರ್ ೨೧

ನನ್ನ ಮಗಳೇ,

ಕೋರ್ಟಿನಲ್ಲಿ ನೀನು ಬಿದ್ದ ಮೇಲೆ ಏನಾಯಿತೆಂದು ನಿನಗೆ ಸರಿಯಾಗಿ ತಿಳಿದಿರಲಾರದು. ಅದಕ್ಕೇ ಬರೆಯುತ್ತಿದ್ದೇನೆ.

ಕಟಕಟೆ ಹತ್ತುವವರೆಗೂ ನಿನ್ನ ಮಾತನ್ನು ಮೀರಿ ನಡೆಯುವುದೆಂದೇ ನನ್ನ ಮನಸ್ಸಿನಲ್ಲಿತ್ತು. ಈಗ ಹೇಳಿದರೆ ತಪ್ಪಿಲ್ಲ. ಪತ್ರ ನಿಮ್ಮದೇ ಏನು ಎಂದು ಕೇಳಿದರು, ಹೌದು ಎಂದೆ. ಆಮೇಲೆ ಬಂದೂಕನ್ನು ಕೈಗೆ ಕೊಟ್ಟು, ಖಾಲಿ ಇದೆ, ಪರೀಕ್ಷೆ ಮಾಡಿ ಎಂದರು. ಮರದ ಹಿಡಿಯಲ್ಲಿ ಎಡಗೈ ಇಡುವ ಜಾಗ ನುಣುಪಾಗಿತ್ತು. ಕೆಲವೇ ತಿಂಗಳ ಬಂದೂಕಿಗೆ ಅಂಥ ನುಣುಪು ಬರಬೇಕಾದರೆ ಎಷ್ಟು ಸಲ ಎಳೆದಿರಬೇಕು. ನಳಿಗೆಯೊಳಗೆ ನೋಡಿದೆ. ಹೊಚ್ಚ ಹೊಸದು. ಗುಂಡು ಹಾರಿದ ಗುರುತು ಇಲ್ಲವೆಂಬಷ್ಟು ಕಡಿಮೆ. ಪಿನ್ನುಗಳು ಬಿಗಿಯಾಗಿದ್ದವು. ಕೊನೆಗೆ, ನಲವತ್ತು ವರ್ಷದ ಅಭ್ಯಾಸ ನೋಡು, ಯೋಚಿಸದೆ ಪೂರ್ತಿ ಜೋರಿನಿಂದ ಎಳೆದು ತಳ್ಳಿಬಿಟ್ಟೆ.

ಅಷ್ಟು ದೊಡ್ಡ ಕೋಣೆ, ಎತ್ತರದ ಛಾವಣಿ. ಸದ್ದು ಮೂಲೆಮೂಲೆಗೆ ಹೋಗಿ ಬಂತು. ಬೆರಳಚ್ಚಿನ ಗುಮಾಸ್ತೆಯ ಕೈ ನಿಂತಿತು. ನ್ಯಾಯಾಧೀಶರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ನಿನ್ನ ಕಡೆ ತಿರುಗುವಷ್ಟರಲ್ಲಿ ನೀನು ನೆಲದಲ್ಲಿ ಮುದುಡಿದ್ದೆ, ಎರಡೂ ಕೈ ತಲೆಯ ಮೇಲೆ. ಕಾವಲಿನ ಹೆಂಗಸು ಎಬ್ಬಿಸಲು ಬಂದರೆ ಅವಳನ್ನೂ ತಳ್ಳಿದೆ. ನಿನ್ನ ಬಟ್ಟೆ ಒದ್ದೆಯಾಗಿತ್ತು. ನಿನ್ನನ್ನು ಎತ್ತಿಕೊಂಡು ಹೊರಗೆ ಹೋದರು.

ಆಮೇಲೆ ನ್ಯಾಯಾಧೀಶರು ಬಹಳ ಮೆಲ್ಲಗೆ ನನ್ನನ್ನು ಕೇಳಿದರು, ಇದರಲ್ಲಿ ಏನಾದರೂ ದೋಷ ಇದೆಯೇ ಎಂದು. ಬಾಯಲ್ಲಿ ಸಿದ್ಧವಾಗಿದ್ದ ಸುಳ್ಳು ಹೊರಗೆ ಬರಲಿಲ್ಲ. "ಇಲ್ಲ ಸ್ವಾಮಿ, ಚೆನ್ನಾಗಿ ಕಟ್ಟಿದ್ದಾರೆ" ಎಂದೆ. ಇನ್ನೇನಾದರೂ ಹೇಳುವುದಿದೆಯೇ ಎಂದರು. "ಈಗ ತಾವು ಕೇಳಿದ್ದನ್ನು ನನ್ನ ಮಗಳು ಎರಡು ತಿಂಗಳು ದಿನಾ ಕೇಳಿದಾಳೆ. ತೋಟಾ ಇದೆಯೋ ಇಲ್ಲವೋ ಗೊತ್ತಿಲ್ಲದೆ" ಎಂದೆ. ಅದನ್ನು ಬರೆದುಕೊಳ್ಳಬೇಡಿ ಎಂದು ಸರ್ಕಾರಿ ವಕೀಲರು ಎದ್ದರು. ಬರೆದುಕೊಳ್ಳಿ ಎಂದು ನ್ಯಾಯಾಧೀಶರು ಹೇಳಿದರು.

ನಿನಗೆ ಆ ಸದ್ದನ್ನು ಮತ್ತೆ ಕೇಳಿಸಿದವನು ನಾನಾದೆ. ವಕೀಲೆ ನನ್ನ ಕೈ ಹಿಡಿದು, ಒಳ್ಳೆಯದೇ ಆಯಿತು ಎಂದರು. ನನಗೆ ಒಳ್ಳೆಯದಾಗಿ ಕಾಣಲಿಲ್ಲ.

ಅಪ್ಪ


ನವೆಂಬರ್ ೩

ಅಪ್ಪಾ,

ತೀರ್ಪು ಕೇಳಿದಾಗ ನೀನು ಎದ್ದು ನಿಂತೆ, ಆಮೇಲೆ ಕೂರಲು ಮರೆತೆ. ಏಳು ವರ್ಷ. ಪೂರ್ತಿ ಜೀವಾವಧಿ ಆಗುತ್ತಿತ್ತು, ಇಷ್ಟಕ್ಕೆ ಇಳಿದದ್ದೇ ಹೆಚ್ಚು ಎಂದು ವಕೀಲೆ ಹೇಳುತ್ತಾರೆ. ತೀರ್ಪಿನಲ್ಲಿ ನ್ಯಾಯಾಧೀಶರು ಆ ಸದ್ದಿನ ಬಗ್ಗೆ ಎರಡು ಪುಟ ಬರೆದಿದ್ದಾರೆ. ಬೆನ್ನಿಗೆ ಹೊಡೆದದ್ದರ ಬಗ್ಗೆಯೂ ಬರೆದಿದ್ದಾರೆ. ಎರಡೂ ನಿಜ.

ಅಂದು ನೀನು ಎಳೆದದ್ದಕ್ಕೆ ಕೊರಗಬೇಡ. ನಾನು ಬಾಯಲ್ಲಿ ಹೇಳಿದ್ದರೆ ತೀರ್ಪಿನಲ್ಲಿ ಅದು ಬರೀ ಒಂದು ವಾಕ್ಯವಾಗುತ್ತಿತ್ತು.

ಅವನ ತಾಯಿ ನನ್ನನ್ನು ದಾಟಿ ಹೋಗುವಾಗ ಒಂದು ಕ್ಷಣ ನಿಂತರು. ಬಯ್ಯುತ್ತಾರೆಂದುಕೊಂಡೆ. "ಚಿಕ್ಕಂದಿನಲ್ಲೂ ಬಾಗಿಲ ಹಿಂದೆ ನಿಂತು ಹೆದರಿಸ್ತಿದ್ದ" ಎಂದರು. ಅಷ್ಟು ಹೇಳಿ ಅತ್ತರು, ನಾನೂ ಅತ್ತೆ. ಅವರಿಗೆ ಇದ್ದವನು ಅವನೊಬ್ಬನೇ.

ನಿನ್ನ ಮಗಳು


ಜನವರಿ ೧೫

ಚಿಮಟಾ,

ಮೊನ್ನೆ ಭೇಟಿಗೆ ಬರುವಾಗ ದಾರಿಯುದ್ದಕ್ಕೂ ಏನೇನು ಮಾತಾಡಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಜಾಲರಿಯ ಆಚೆ ನೀನು ಕಂಡ ಕೂಡಲೇ ಎಲ್ಲ ಮರೆತೆ. ಊಟ ಆಯಿತಾ ಎಂದೆ. ನೀನು ಆಯಿತು ಎಂದೆ. ಚಳಿ ಇದೆಯಾ ಎಂದೆ. ಇದೆ ಎಂದೆ. ನಮಗೆ ಕೊಟ್ಟ ಹೊತ್ತಿನಲ್ಲಿ ಅರ್ಧ ಹೀಗೇ ಹೋಯಿತು.

ಆಮೇಲೆ ನೀನು ಅಡುಗೆಮನೆಯ ಅಜ್ಜಿಯ ವಿಷಯ ತೆಗೆದೆ. ಅಲ್ಲಿಯವರೆಲ್ಲ ಮುರಿದ ಕನ್ನಡಕಗಳನ್ನು ನಿನ್ನ ಹತ್ತಿರ ತರುತ್ತಾರೆಂದೂ, ಆ ಅಜ್ಜಿ ಎಡದ ಗಾಜನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಓಡಾಡಿದ್ದಳೆಂದೂ ಹೇಳಿದೆ. ನೀನು ಸರಿಮಾಡಿ ಮೂಗಿನ ಮೇಲಿಟ್ಟಾಗ ನಿನ್ನ ಮುಖವನ್ನೇ ನೋಡಿ, "ಅಯ್ಯೋ, ನೀನು ಇಷ್ಟು ಚಿಕ್ಕವಳೇನೇ? ನನ್ನ ವಯಸ್ಸಿನವಳು ಅಂದ್ಕೊಂಡು ಕಷ್ಟಸುಖ ಎಲ್ಲ ಹೇಳ್ಕೊಂಡುಬಿಟ್ಟೆ" ಎಂದಳಂತೆ. ಅದನ್ನು ಹೇಳುತ್ತಾ ನೀನು ನಕ್ಕೆ. ನಾನೂ ನಕ್ಕೆ. ಹೊತ್ತಾಯಿತು ಎಂದು ಕಾವಲಿನವಳು ಬಂದಳು. ನಾವು ನಗುತ್ತಲೇ ಎದ್ದೆವು.

ಬಸ್ಸಿನಲ್ಲಿ ಕೂತ ಮೇಲೂ ನೆನೆದು ನೆನೆದು ನಗು ಬರುತ್ತಿತ್ತು. ಪಕ್ಕದಲ್ಲಿ ಕೂತವರು ನೋಡಿ, ಏನು ಯಜಮಾನರೇ, ಒಳ್ಳೆ ಸುದ್ದಿಯಾ ಎಂದರು. ಮಗಳನ್ನು ನೋಡಿಕೊಂಡು ಬಂದೆ ಎಂದೆ. ಎಲ್ಲಿ ಕೊಟ್ಟಿದ್ದೀರಿ ಎಂದು ಕೇಳಿದರು. ಟಿಕೆಟ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಹೇಳಿದೆ, ಜೈಲಿನಲ್ಲಿದ್ದಾಳೆ, ಗಂಡನನ್ನು ಕೊಂದಳು ಎಂದು. ಆತ ಮುಂದಿನ ನಿಲ್ದಾಣದಲ್ಲಿ ಬೇರೊಂದು ಸೀಟು ಖಾಲಿಯಾದಾಗ ಚೀಲ ಎತ್ತಿಕೊಂಡು ಅಲ್ಲಿಗೆ ಹೋದರು. ನಾನು ಕಿಟಕಿಯ ಕಡೆಗೆ ಸರಿದು ಕೂತೆ.

ಬರುವ ತಿಂಗಳು ಮೊದಲ ಶನಿವಾರ ಬರುತ್ತೇನೆ. ಕೇಳಿದವರಿಗೆ ಇನ್ನು ಮೇಲೆಯೂ ಹಾಗೆಯೇ ಹೇಳುತ್ತೇನೆ. ಎದ್ದು ಹೋಗುವವರು ಹೋಗಲಿ.

ಅಪ್ಪ